ಆಡಿಯೋ ಇಂಟರ್‌ಫೇಸ್ ಕೆಟ್ಟಿದೆ: ರಿಪೇರಿಯೋ, ಹೊಸತೋ?

ಏಪ್ರಿಲ್ ಕೊನೆಯ ವಾರ, ಭರಣಿ ಮಳೆಯ ಮೊದಲ ಗುಡುಗಿಗೇ ಬೆಂಗಳೂರಿನ ಹನುಮಂತನಗರದ ನಮ್ಮ ಬೀದಿಯ ಕರೆಂಟ್ ಹೋಯಿತು. ಹತ್ತು ನಿಮಿಷದ ಮೇಲೆ ಮನೆಯ ದೀಪಗಳೆಲ್ಲ ಹೊತ್ತಿಕೊಂಡವು, ಮೇಜಿನ ಮೇಲಿದ್ದ ಆಡಿಯೋ ಇಂಟರ್‌ಫೇಸಿನ ಹಸಿರು ದೀಪ ಮಾತ್ರ ಹೊತ್ತಲಿಲ್ಲ. ಮೈಕು, ವಾದ್ಯಗಳ ಧ್ವನಿಯನ್ನು ಕಂಪ್ಯೂಟರಿಗೂ, ಕಂಪ್ಯೂಟರಿನದನ್ನು ಹೆಡ್‌ಫೋನು, ಸ್ಪೀಕರಿಗೂ ದಾಟಿಸುವ ಪೆಟ್ಟಿಗೆ ಅದು. ಮರುದಿನ ಬೆಳಿಗ್ಗೆ ಹತ್ತಕ್ಕೆ ಮೃದಂಗದ ಮೇಷ್ಟ್ರೊಬ್ಬರ ಪಾಠದ ಧ್ವನಿಮುದ್ರಣವಿತ್ತು. ಆ ರಾತ್ರಿ ನಾನು ಮಾಡಿದ ಮೊದಲ ಕೆಲಸವೆಂದರೆ ಮೊಬೈಲಿನಲ್ಲಿ ಹೊಸದರ ಬೆಲೆ ಹುಡುಕಿದ್ದು. ಸತ್ತಿದ್ದು ಇಂಟರ್‌ಫೇಸ್ ಅಲ್ಲ, ಗೋಡೆಗೆ ಸಿಕ್ಕಿಸಿದ್ದ ಅಡಾಪ್ಟರ್ ಎಂದು ಗೊತ್ತಾಗುವ ಹೊತ್ತಿಗೆ ಹದಿನಾರು ಸಾವಿರ ರೂಪಾಯಿ ಖರ್ಚು ಮಾಡುವುದರಲ್ಲಿದ್ದೆ.

ಅಂದಿನಿಂದ ಗೆಳೆಯರು ಕೆಟ್ಟ ಇಂಟರ್‌ಫೇಸ್ ಹಿಡಿದು ಬಂದರೆ ನಾನು ದುಡ್ಡಿನ ಮಾತನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ಕೇಳುವುದು ದೋಷ ಎಲ್ಲಿದೆ ಎಂದು. ಪೆಟ್ಟಿಗೆಯ ಹೊರಗೋ, ಅದರ ಬಾಗಿಲಲ್ಲೋ, ಹೊಟ್ಟೆಯಲ್ಲೋ, ತಲೆಯಲ್ಲೋ? ಹೊರಗಿದ್ದರೆ ಕೇಬಲ್, ಅಡಾಪ್ಟರ್, ಕಂಪ್ಯೂಟರ್ ನೋಡಬೇಕು. ಬಾಗಿಲು ಎಂದರೆ ಯುಎಸ್‌ಬಿ ಪೋರ್ಟ್, ಜ್ಯಾಕ್, ನಾಬ್‌ಗಳು. ಹೊಟ್ಟೆ ಎಂದರೆ ವಿದ್ಯುತ್ ಭಾಗ ಮತ್ತು ಮೈಕಿನ ಸಣ್ಣ ಸಂಕೇತವನ್ನು ಹಿಗ್ಗಿಸುವ ಪ್ರೀಆಂಪ್. ತಲೆ ಎಂದರೆ ಡಿಜಿಟಲ್ ಚಿಪ್‌ಗಳು ಮತ್ತು ಅವುಗಳ ಡ್ರೈವರ್, ಅಂದರೆ ಪೆಟ್ಟಿಗೆಯ ಜೊತೆ ಮಾತಾಡಲು ಕಂಪ್ಯೂಟರಿಗೆ ಬೇಕಾದ ತಂತ್ರಾಂಶ. ಮೊದಲ ಎರಡರಲ್ಲಿ ದೋಷವಿದ್ದರೆ ರಿಪೇರಿ ಬಹುಮಟ್ಟಿಗೆ ಖಚಿತ, ಮೂರನೆಯದರಲ್ಲಿ ಲೆಕ್ಕ ಹಾಕಬೇಕು, ನಾಲ್ಕನೆಯದಾದರೆ ಹೆಚ್ಚಿನ ಸಲ ಕೈಮುಗಿದು ಹೊಸದನ್ನು ತರಬೇಕು.

ಸ್ಕ್ರೂ ಬಿಚ್ಚುವ ಮೊದಲು ಬಿಲ್ಲು ಹುಡುಕಿ

ವಾರಂಟಿ ಇದ್ದರೆ ಈ ಲೇಖನದ ಅರ್ಧ ನಿಮಗೆ ಬೇಡ. ಪೆಟ್ಟಿಗೆಯ ಕೆಳಗಿನ ಸೀರಿಯಲ್ ಸಂಖ್ಯೆಯ ಫೋಟೋ ತೆಗೆಯಿರಿ, ಬಿಲ್ಲಿನ ದಿನಾಂಕ ನೋಡಿ, ಭಾರತದ ಅಧಿಕೃತ ವಿತರಕರ ಮೂಲಕ ಬಂದ ಮಾಲೇ ಎಂದು ಖಚಿತಪಡಿಸಿಕೊಳ್ಳಿ. ದುಬೈನಿಂದಲೋ ಸಿಂಗಾಪುರದಿಂದಲೋ ನೆಂಟರು ತಂದುಕೊಟ್ಟ ಪೆಟ್ಟಿಗೆಗೆ ಇಲ್ಲಿಯ ಸೇವಾ ಕೇಂದ್ರ ವಾರಂಟಿ ಕೊಡಲೇಬೇಕೆಂದಿಲ್ಲ. ತಂದಾಗ ಅಗ್ಗವೆನಿಸಿದ ಆ ಪೆಟ್ಟಿಗೆ ಕೆಟ್ಟ ದಿನ ದುಬಾರಿಯಾಗುತ್ತದೆ.

ವಾರಂಟಿ ಇದ್ದೂ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರಿಗೆ ಎರಡು ವರ್ಷಗಳ ಕಾಲಮಿತಿ ಇದೆ, ಐದು ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಜಿಲ್ಲಾ ಆಯೋಗದಲ್ಲಿ ಶುಲ್ಕವೂ ಇಲ್ಲ. ನನ್ನ ಅನುಭವದಲ್ಲಿ ಬಿಲ್ಲು, ಫೋಟೋ, ಬರೆದ ಇ-ಮೇಲ್ ಮೂರನ್ನೂ ಜೋಡಿಸಿಟ್ಟವರ ಕೆಲಸ ಆಯೋಗದವರೆಗೆ ಹೋಗುವುದೇ ಅಪರೂಪ.

ಪೆಟ್ಟಿಗೆಯ ಹೊರಗೆ ಒಂದು ಗಂಟೆ

ಈ ಗಂಟೆಯನ್ನು ಉಳಿಸಲು ಹೋಗಿ ಸಾವಿರಾರು ರೂಪಾಯಿ ಕಳೆದುಕೊಂಡವರನ್ನು ನೋಡಿದ್ದೇನೆ. ಮೊದಲು ಕೇಬಲ್. ದೀಪ ಹೊತ್ತುತ್ತದೆ, ಕಂಪ್ಯೂಟರಿಗೆ ಮಾತ್ರ ಪೆಟ್ಟಿಗೆ ಕಾಣುತ್ತಿಲ್ಲ ಎಂದರೆ ಅರ್ಧ ಸಲ ಅದು ಟೈಪ್-ಸಿ ಕೇಬಲ್ಲಿನ ಕಿತಾಪತಿ. ಕೆಲವು ಮೊಬೈಲ್ ಚಾರ್ಜರ್ ಕೇಬಲ್‌ಗಳಲ್ಲಿ ವಿದ್ಯುತ್ತಿನ ತಂತಿ ಇರುತ್ತದೆ, ಡೇಟಾದ ತಂತಿ ಇರುವುದಿಲ್ಲ. ಹೊರಗಿನ ಹಾರ್ಡ್ ಡಿಸ್ಕೊಂದನ್ನು ಆ ಕೇಬಲ್ಲಿನಲ್ಲೇ ಓಡಿಸಿ ನೋಡಿ, ಅನುಮಾನ ಅಲ್ಲಿಗೇ ತೀರುತ್ತದೆ.

ಒಂದು ಪೋರ್ಟನ್ನು ಹಲವಾಗಿಸುವ ಹಬ್ ಇದ್ದರೆ ಅದನ್ನು ತೆಗೆದು ನೇರವಾಗಿ ಕಂಪ್ಯೂಟರಿಗೆ ಸಿಕ್ಕಿಸಿ. ಯುಎಸ್‌ಬಿ 2.0 ಪೋರ್ಟ್ ಕೊಡುವುದು 5 ವೋಲ್ಟ್‌ನಲ್ಲಿ 500 ಮಿಲಿಆಂಪ್, 3.0 ಪೋರ್ಟ್ 900. ಎರಡು ಕಂಡೆನ್ಸರ್ ಮೈಕಿಗೆ ಫ್ಯಾಂಟಮ್ ಪವರ್ (ಅಂಥ ಮೈಕ್ ನಡೆಯಲು ಬೇಕಾದ, ಮೈಕಿನ ಕೇಬಲ್ಲಿನಲ್ಲೇ ಹೋಗುವ ವಿದ್ಯುತ್) ಕೊಡುವ ಪೆಟ್ಟಿಗೆಯನ್ನು ಕೀಬೋರ್ಡ್, ಮೌಸ್, ಫ್ಯಾನ್ ಎಲ್ಲ ನೇತಾಡುವ ಅಗ್ಗದ ಹಬ್ಬಿಗೆ ಸಿಕ್ಕಿಸಿದರೆ ಅದು ನಡುನಡುವೆ ಉಸಿರುಗಟ್ಟುವುದು ಸಹಜ. ಆಮೇಲೆ ಪೆಟ್ಟಿಗೆಯನ್ನು ಬೇರೊಂದು ಕಂಪ್ಯೂಟರಿಗೆ ಸಿಕ್ಕಿಸಿ. ಪಕ್ಕದ ಮನೆಯವರ ಲ್ಯಾಪ್‌ಟಾಪಾದರೂ ಸರಿ. ಅಲ್ಲಿ ಸರಿಯಾಗಿ ನಡೆದರೆ ರಿಪೇರಿ ಬೇಕಾಗಿರುವುದು ನಿಮ್ಮ ಕಂಪ್ಯೂಟರಿಗೆ.

ಅಡಾಪ್ಟರ್ ಇರುವ ಪೆಟ್ಟಿಗೆಯಾದರೆ ಮಲ್ಟಿಮೀಟರ್ ತೆಗೆದುಕೊಳ್ಳಿ. ಲೇಬಲ್ಲಿನ ಮೇಲೆ ಬರೆದ ವೋಲ್ಟೇಜಿಗೆ ಓದು ಹತ್ತಿರವಿದೆಯೇ, ಪಿನ್ನಿನ ನಡುಭಾಗ ಧನವೋ ಋಣವೋ ಎಂದು ನೋಡಿ. ನಮ್ಮ ಗಲ್ಲಿಯ ಗಿಟಾರ್ ಹುಡುಗನೊಬ್ಬ ಇಂಟರ್‌ಫೇಸಿಗೆ ತನ್ನ ಪೆಡಲಿನ ಅಡಾಪ್ಟರ್ ಸಿಕ್ಕಿಸಿದ್ದ. ಪಿನ್ ಸರಿಯಾಗಿ ಕೂತಿತ್ತು. ಗಿಟಾರ್ ಪೆಡಲ್‌ಗಳಲ್ಲಿ ಸಾಮಾನ್ಯವಾಗಿ ನಡುಭಾಗ ಋಣ, ಅವನ ಇಂಟರ್‌ಫೇಸಿಗೆ ಬೇಕಿದ್ದುದು ನಡುವೆ ಧನ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅವನ ಅದೃಷ್ಟಕ್ಕೆ ಒಳಗೆ ರಕ್ಷಣೆಯ ಡಯೋಡ್ ಒಂದಿತ್ತು, ಅದೊಂದೇ ಸುಟ್ಟಿತು.

ಗುಂಯ್ ಎಂಬ ಶಬ್ದಕ್ಕೂ ಇಲ್ಲೇ ಉತ್ತರ ಸಿಗುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿ ನೋಡಿ. ಗುಂಯ್‌ಗುಟ್ಟುವುದು ಥಟ್ಟನೆ ನಿಂತರೆ ಇಂಟರ್‌ಫೇಸ್ ನಿರಪರಾಧಿ, ತಪ್ಪು ಚಾರ್ಜರಿನದು ಅಥವಾ ಮನೆಯ ಅರ್ಥಿಂಗಿನದು. ನಮ್ಮ ಹಳೆಯ ಬಡಾವಣೆಗಳ ಬಾಡಿಗೆ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಮೂರನೆಯ ತಂತಿ ಎಲ್ಲಿಗೂ ಹೋಗಿರುವುದಿಲ್ಲ. ಒರಟು ವಿದ್ಯುತ್ ಕೊಡುವ ಸ್ಕ್ವೇರ್ ವೇವ್ ಇನ್ವರ್ಟರಿನ ಮೇಲೆ ಧ್ವನಿಮುದ್ರಣ ಮಾಡುವವರು ಗುಂಯ್‌ಗುಟ್ಟುವುದಕ್ಕೆ ಇಂಟರ್‌ಫೇಸನ್ನು ಬೈಯಬಾರದು.

ಕಂಪ್ಯೂಟರ್ ಇಲ್ಲದೆಯೇ ಕೇಳಿ ನೋಡಿ

ದೋಷ ಪೆಟ್ಟಿಗೆಯೊಳಗೇ ಇದೆ ಎಂದಾದ ಮೇಲೆ ನಾನು ಮಾಡುವ ಪರೀಕ್ಷೆಗಳಲ್ಲಿ ಇದು ಬಲು ಬೆಲೆಯುಳ್ಳದ್ದು. ಡೈರೆಕ್ಟ್ ಮಾನಿಟರ್ ಸ್ವಿಚ್ ಇರುವ ಸರಳ ಇಂಟರ್‌ಫೇಸುಗಳಲ್ಲಿ ಮೈಕಿನ ಧ್ವನಿ ಕಂಪ್ಯೂಟರಿಗೆ ಹೋಗದೆಯೇ ನೇರವಾಗಿ ಹೆಡ್‌ಫೋನಿಗೆ ಬರುತ್ತದೆ. ಮೈಕ್ ಸಿಕ್ಕಿಸಿ, ಸ್ವಿಚ್ ಹಾಕಿ, ಗೇನ್ (ಮೈಕಿನ ಧ್ವನಿ ಹಿಗ್ಗಿಸುವ ನಾಬ್) ನಿಧಾನವಾಗಿ ಏರಿಸಿ ಮಾತಾಡಿ.

ಧ್ವನಿ ಶುದ್ಧವಾಗಿ ಕೇಳಿದರೆ ವಿದ್ಯುತ್ ಭಾಗ, ಪ್ರೀಆಂಪ್, ಹೆಡ್‌ಫೋನಿನ ಸರ್ಕ್ಯೂಟ್ ಮೂರೂ ಸುಸ್ಥಿತಿಯಲ್ಲಿವೆ. ದೋಷ ಡಿಜಿಟಲ್ ಭಾಗದಲ್ಲೋ ಡ್ರೈವರಿನಲ್ಲೋ ಇದೆ. ಹೆಡ್‌ಫೋನಿನಲ್ಲೂ ಕೇಳದಿದ್ದರೆ ಹೊಟ್ಟೆಯನ್ನು ನೋಡಬೇಕು. ದೊಡ್ಡ ಪೆಟ್ಟಿಗೆಗಳಲ್ಲಿ ಈ ಮಾನಿಟರಿಂಗ್ ಒಳಗಿನ ಡಿಜಿಟಲ್ ಮಿಕ್ಸರಿನ ಮೂಲಕ ಹಾದುಬರುವುದುಂಟು. ಅಂಥವುಗಳಲ್ಲಿ ಈ ಪರೀಕ್ಷೆ ಇಷ್ಟು ನೇರವಾದ ಉತ್ತರ ಕೊಡುವುದಿಲ್ಲ.

ಕಂಡೆನ್ಸರ್ ಮೈಕ್ ಮಾತ್ರ ಮೌನವಾಗಿದ್ದು, ಹೊರಗಿನ ವಿದ್ಯುತ್ ಬೇಡದ ಡೈನಮಿಕ್ ಮೈಕ್ ಕೇಳಿಸುತ್ತಿದ್ದರೆ ಫ್ಯಾಂಟಮ್ ಪವರನ್ನು ಅಳೆಯಿರಿ. ಮೈಕ್ ಕೇಬಲ್ ತೆಗೆಯಿರಿ, 48 ವೋಲ್ಟ್ ಗುಂಡಿ ಒತ್ತಿ, ಮಲ್ಟಿಮೀಟರನ್ನು ಡಿಸಿಗೆ ತಿರುಗಿಸಿ. ಕಪ್ಪು ಕಡ್ಡಿ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಮೈಕ್) ಜ್ಯಾಕಿನ ಒಂದನೇ ಪಿನ್ನಿಗೆ, ಕೆಂಪು ಕಡ್ಡಿ ಎರಡಕ್ಕೆ, ಆಮೇಲೆ ಮೂರಕ್ಕೆ. ಎರಡೂ ಕಡೆ 44ರಿಂದ 52ರೊಳಗೆ ಓದು ಬರಬೇಕು, ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ಪಿನ್ನಿನಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲವೆಂದರೆ ಅದು ಆ ಜ್ಯಾಕಿನ ಅಥವಾ ಅಲ್ಲಿಯ ರೆಸಿಸ್ಟರಿನ ದೋಷ, ಸಣ್ಣ ಕೆಲಸ. ಯಾವ ಚಾನೆಲ್ಲಿನಲ್ಲೂ ಇಲ್ಲವೆಂದರೆ 5 ವೋಲ್ಟನ್ನು 48ಕ್ಕೆ ಏರಿಸುವ ಭಾಗವೇ ಕೆಟ್ಟಿದೆ.

ಇನ್ನೊಂದು ಪರೀಕ್ಷೆ ಲೂಪ್‌ಬ್ಯಾಕ್. ಫ್ಯಾಂಟಮ್ ಆಫ್ ಮಾಡಿ, ಸ್ಪೀಕರ್ ಬಂದ್ ಮಾಡಿ, ಔಟ್‌ಪುಟ್ಟಿನಿಂದ ಲೈನ್ ಇನ್‌ಪುಟ್ಟಿಗೆ ಒಂದು ಟಿಆರ್‌ಎಸ್ ಕೇಬಲ್ ಹಾಕಿ, ಪರಿಚಿತ ಧ್ವನಿಯೊಂದನ್ನು ಹೊರಗೆ ಕಳಿಸಿ ಒಳಗೆ ಮುದ್ರಿಸಿಕೊಳ್ಳಿ. ಎಡ ಔಟ್‌ಪುಟ್ಟಿನಿಂದ ಎರಡೂ ಇನ್‌ಪುಟ್ಟಿಗೆ, ಬಲದಿಂದ ಎರಡೂ ಇನ್‌ಪುಟ್ಟಿಗೆ, ಹೀಗೆ ನಾಲ್ಕು ಸಲ. ಯಾವ ಜೋಡಿಯಲ್ಲಿ ಧ್ವನಿ ಸೊರಗುತ್ತದೆ ಎಂದು ಕಾಗದದ ಮೇಲೆ ಬರೆದುಕೊಂಡರೆ ದೋಷವಿರುವ ದಾರಿ ತಾನೇ ಕಾಣುತ್ತದೆ. ಈ ಕಾಗದವನ್ನು ರಿಪೇರಿಯವರ ಕೈಗೆ ಕೊಡಿ, ಅವರ ಅರ್ಧ ದಿನ ಉಳಿಯುತ್ತದೆ. ಅರ್ಧ ದಿನದ ಕೂಲಿ ನಿಮಗೂ ಉಳಿಯುತ್ತದೆ.

ಶಬ್ದವೇ ರೋಗಲಕ್ಷಣ

ನಾಬ್ ತಿರುಗಿಸುವಾಗ ಮಾತ್ರ ಕರಕರ ಎಂದರೆ ಅದು ನಾಬಿನ ಕೆಳಗಿರುವ ಪೊಟೆನ್ಶಿಯೋಮೀಟರಿನೊಳಗೆ ಕೂತ ಧೂಳು. ಮೆಟ್ರೋ ಕಾಮಗಾರಿಯೋ ಹೊಸ ಅಪಾರ್ಟ್‌ಮೆಂಟೋ ಎದ್ದೇಳುತ್ತಿರುವ ರಸ್ತೆಯ ಪಕ್ಕದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವಿದ್ಯುತ್ ತೆಗೆದು ಎಲೆಕ್ಟ್ರಾನಿಕ್ಸ್‌ಗೆಂದೇ ಇರುವ ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಸಲ ಸಿಂಪಡಿಸಿ, ನಾಬನ್ನು ಮೂವತ್ತು ಸಲ ಆಚೀಚೆ ತಿರುಗಿಸಿ, ಒಣಗಲು ಬಿಡಿ. ಬಾಗಿಲಿನ ಕೀಲಿಗೆ ಹೊಡೆಯುವ ಸಾಮಾನ್ಯ ತುಕ್ಕು ನಿವಾರಕ ಬೇಡ, ಅದರ ಜಿಡ್ಡು ಮುಂದೆ ಇನ್ನಷ್ಟು ಧೂಳು ಹಿಡಿಯುತ್ತದೆ.

ಧ್ವನಿಮುದ್ರಣದಲ್ಲಿ ಚಟಪಟ ಕೇಳಿಸಿದರೂ ಡೈರೆಕ್ಟ್ ಮಾನಿಟರಿನಲ್ಲಿ ಇಲ್ಲವೆಂದರೆ ಪೆಟ್ಟಿಗೆ ಹೆಚ್ಚಾಗಿ ಸರಿಯಾಗಿಯೇ ಇರುತ್ತದೆ. ಬಫರನ್ನು (ಕಂಪ್ಯೂಟರ್ ಒಂದು ಸಲಕ್ಕೆ ತೆಗೆದುಕೊಳ್ಳುವ ಧ್ವನಿಯ ತುಣುಕುಗಳ ಸಂಖ್ಯೆ) 64ರಿಂದ 256ಕ್ಕೆ ಏರಿಸಿ, ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆಯುತ್ತದೆ ಎಂಬ ಅಂಕಿ) ಎಲ್ಲ ಕಡೆ ಒಂದೇ ಇದೆಯೇ ನೋಡಿ, ವಿಂಡೋಸಿನಲ್ಲಿ ಯುಎಸ್‌ಬಿಯ ವಿದ್ಯುತ್ ಉಳಿತಾಯ ಆಯ್ಕೆಯನ್ನು ಆಫ್ ಮಾಡಿ.

ಅರ್ಧ ಗಂಟೆ ಚೆನ್ನಾಗಿ ನಡೆದು ಬಿಸಿಯಾದ ಮೇಲೆ ಕೈಕೊಡುತ್ತದೆಯೇ? ಬಿರುಕು ಬಿಟ್ಟ ಬೆಸುಗೆ ಅಥವಾ ಬಳಲಿದ ರೆಗ್ಯುಲೇಟರ್ ಇರಬಹುದು. ಬೆಳಿಗ್ಗೆ ತಣ್ಣಗಿರುವಾಗ ತಕರಾರು ಮಾಡಿ, ಬೆಚ್ಚಗಾದ ಮೇಲೆ ಸರಿಹೋಗುತ್ತದೆಯೇ? ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಮೇಲೆ ಅನುಮಾನ ಪಡಿ. ಒಳಗಿನ ದ್ರವ ಒಣಗಿದಂತೆಲ್ಲ ಅವು ಹೀಗೆ ಆಡುತ್ತವೆ. ಸುತ್ತಲಿನ ಬಿಸಿ ಹತ್ತು ಡಿಗ್ರಿ ಇಳಿದರೆ ಅವುಗಳ ಆಯಸ್ಸು ಸುಮಾರು ಎರಡು ಪಟ್ಟಾಗುತ್ತದೆ ಎಂಬ ಲೆಕ್ಕ ಎಲೆಕ್ಟ್ರಾನಿಕ್ಸಿನವರಲ್ಲಿ ರೂಢಿಯಲ್ಲಿದೆ. ಆದ್ದರಿಂದ ಪೆಟ್ಟಿಗೆಯನ್ನು ಬಿಸಿ ಲ್ಯಾಪ್‌ಟಾಪಿನ ಬೆನ್ನ ಮೇಲೆ ಇಡಬೇಡಿ.

ಸುಟ್ಟ ವಾಸನೆ ಬಂದಿದ್ದರೆ ಮತ್ತೆ ವಿದ್ಯುತ್ ಕೊಟ್ಟು ಪರೀಕ್ಷಿಸಬೇಡಿ. ಗೋಡೆಯ ವಿದ್ಯುತ್ ನೇರವಾಗಿ ಒಳಗೆ ಹೋಗುವ, ಚೌಕಟ್ಟಿಗೆ ಕೂರಿಸುವ ದೊಡ್ಡ ರ‍್ಯಾಕ್ ಪೆಟ್ಟಿಗೆಗಳನ್ನಂತೂ ಮನೆಯಲ್ಲಿ ತೆರೆಯಲೇಬೇಡಿ. 230 ವೋಲ್ಟನ್ನು ಡಿಸಿಗೆ ತಿರುಗಿಸಿದಾಗ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ನಿಲ್ಲುತ್ತದೆ, ವೈರ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇರುತ್ತದೆ.

ಡ್ರೈವರ್ ಇನ್ನೂ ಜೀವಂತವಾಗಿದೆಯೇ?

ರಿಪೇರಿಗೆ ಓಡುವವರು ಮರೆಯುವ ಪ್ರಶ್ನೆ ಇದು. ಪೆಟ್ಟಿಗೆಯ ಬೋರ್ಡು ಇಪ್ಪತ್ತು ವರ್ಷ ಬಾಳಬಹುದು, ಅದರ ಡ್ರೈವರನ್ನು ಕಂಪನಿ ಆರು ವರ್ಷಕ್ಕೇ ಕೈಬಿಟ್ಟಿರಬಹುದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಹೋದವರಲ್ಲಿ ಕೆಲವರಿಗೆ ಮೆಮೊರಿ ಇಂಟೆಗ್ರಿಟಿ ಎಂಬ ಭದ್ರತಾ ವ್ಯವಸ್ಥೆ ಹಳೆಯ ಡ್ರೈವರನ್ನು ಒಳಗೇ ಬಿಡುವುದಿಲ್ಲ. ಯುಎಸ್‌ಬಿಯ ಬದಲು ಫೈರ್‌ವೈರ್ ಎಂಬ ಹಳೆಯ ಸಂಪರ್ಕ ಬಳಸುವ ಪೆಟ್ಟಿಗೆಗಳ ಕಥೆ ಇನ್ನೂ ಸಪ್ಪೆ: 2025ರಲ್ಲಿ ಬಂದ ಮ್ಯಾಕ್‌ಓಎಸ್ ತಾಹೋ ಫೈರ್‌ವೈರ್ ಬೆಂಬಲವನ್ನೇ ತೆಗೆದುಹಾಕಿದೆ. ಹತ್ತು ವರ್ಷ ಹಳೆಯ, ಅದ್ಭುತ ಪ್ರೀಆಂಪಿನ ಫೈರ್‌ವೈರ್ ಪೆಟ್ಟಿಗೆಗೆ ಐದು ಸಾವಿರ ಸುರಿದು, ಅದಕ್ಕಾಗಿ ಹಳೆಯ ಕಂಪ್ಯೂಟರೊಂದನ್ನೂ ಸಾಕುವುದು ಪ್ರೀತಿಯ ವಿಷಯ, ಲೆಕ್ಕದ ವಿಷಯವಲ್ಲ.

ಕ್ಲಾಸ್ ಕಂಪ್ಲಯಂಟ್ ಯುಎಸ್‌ಬಿ ಇಂಟರ್‌ಫೇಸ್ ಎಂದರೆ ಕಂಪನಿಯ ಡ್ರೈವರ್ ಇಲ್ಲದೆಯೂ ಮ್ಯಾಕ್, ಲಿನಕ್ಸ್, ಫೋನುಗಳಲ್ಲಿ ನಡೆಯುವಂಥದ್ದು. ವಿಂಡೋಸ್ ಕೂಡ 2017ರಿಂದ ಯುಎಸ್‌ಬಿ ಆಡಿಯೋ 2.0 ಮಾನದಂಡವನ್ನು ತಾನಾಗಿಯೇ ಗುರುತಿಸುತ್ತದೆ, ವೇಗದ ಕೆಲಸಕ್ಕೆ ಬೇಕಾದ ಆಸಿಯೋ ಡ್ರೈವರ್ ಮಾತ್ರ ಬೇರೆ ಬೇಕು. ಇಂಥ ಪೆಟ್ಟಿಗೆಯಾದರೆ ರಿಪೇರಿಗೆ ಧೈರ್ಯವಾಗಿ ಖರ್ಚು ಮಾಡಬಹುದು.

ಎಸ್.ಪಿ. ರಸ್ತೆಗೆ ಹೋಗುವಾಗ

ಟೌನ್‌ಹಾಲ್ ಕಡೆಯಿಂದ ಸಾದರ ಪತ್ರಪ್ಪ ರಸ್ತೆಗೆ ಕಾಲಿಟ್ಟರೆ ಬಿಡಿಭಾಗಗಳ ಅಂಗಡಿ ಮೊದಲು, ರಿಪೇರಿಯವರು ಮೇಲ್ಮಹಡಿಗಳಲ್ಲಿ. ಮೊಬೈಲ್ ರಿಪೇರಿಯವರೆಲ್ಲ ಆಡಿಯೋ ಬಲ್ಲವರಲ್ಲ. ಮಿಕ್ಸರ್, ಆಂಪ್ಲಿಫೈಯರ್, ಕೀಬೋರ್ಡ್ ರಿಪೇರಿ ಮಾಡುವವರನ್ನು ಕೇಳಿಕೊಂಡು ಹೋಗಿ. ವಾದ್ಯದಂಗಡಿಯವರು, ಮದುವೆ ಮನೆಗಳಿಗೆ ಸೌಂಡ್ ಹಾಕುವವರು ಸರಿಯಾದ ದಾರಿ ತೋರಿಸುತ್ತಾರೆ.

ನಾನು ಒಮ್ಮೆ ಹಾಗೆ ಹೋದಾಗ ಕಂಡದ್ದು ಇಂದಿಗೂ ಕಣ್ಣಿಗೆ ಕಟ್ಟಿದೆ. ಇಕ್ಕಟ್ಟಿನ ಮೆಟ್ಟಿಲು, ಮೇಲೆ ಒಂದು ಮೇಜು, ದೀಪವಿರುವ ಭೂತಗನ್ನಡಿ, ಅದರ ಹಿಂದೆ ಅರವತ್ತು ದಾಟಿದ ಯಜಮಾನರು. ನನ್ನ ಪೆಟ್ಟಿಗೆ ಮುಟ್ಟಿದರೆ ಬದುಕುತ್ತಿತ್ತು, ಬಿಟ್ಟರೆ ಸಾಯುತ್ತಿತ್ತು. ಅವರು ನಾಲ್ಕು ಸ್ಕ್ರೂ ತೆಗೆದು ಬೋರ್ಡನ್ನು ಗಾಜಿನ ಕೆಳಗೆ ಹಿಡಿದು, ಹಲ್ಲುಕಡ್ಡಿಯಿಂದ ಯುಎಸ್‌ಬಿ ಪೋರ್ಟನ್ನು ಮೆಲ್ಲಗೆ ಒತ್ತಿದರು. ನಂತರ ನನ್ನನ್ನು ಕರೆದು, "ಇಲ್ಲಿ ನೋಡಿ" ಎಂದರು. ಪೋರ್ಟಿನ ಕಾಲಿನ ಸುತ್ತ, ಬೆಸುಗೆಯ ಬೂದು ಗುಬುಟಿನ ಮೇಲೆ, ಕೂದಲಿನಷ್ಟು ತೆಳುವಾದ ಕಪ್ಪು ಉಂಗುರ. ಕಡ್ಡಿ ಒತ್ತಿದಾಗಲೆಲ್ಲ ಆ ಕಾಲು ಉಂಗುರದೊಳಗೆ ಅಲುಗುತ್ತಿತ್ತು. "ಇದು ಸತ್ತಿಲ್ಲ ಸ್ವಾಮಿ, ಕಾಲು ಉಳುಕಿದೆ ಅಷ್ಟೇ." ಹಳೆಯ ಬೆಸುಗೆ ಹೀರಿ ತೆಗೆದು ಹೊಸದು ಹಾಕಿದರು. ಇಪ್ಪತ್ತು ನಿಮಿಷ, ನಾನೂರು ರೂಪಾಯಿ.

ಎಲ್ಲ ಕೆಲಸವೂ ಇಷ್ಟು ಸುಲಭವಲ್ಲ. ಕಾಲುಗಳು ಕಾಣದಂತೆ ಹೊಟ್ಟೆಯ ಕೆಳಗೆ ಬೆಸುಗೆಯಾದ ಚಿಪ್ ಕೆಟ್ಟರೆ ಅದನ್ನು ಬದಲಿಸಲು ವಿಶೇಷ ಯಂತ್ರ ಬೇಕು, ಚಿಪ್ ಸಿಕ್ಕರೂ ಅದರೊಳಗೆ ಇರಬೇಕಾದ ಕಂಪನಿಯ ಫರ್ಮ್‌ವೇರ್ (ಚಿಪ್ಪನ್ನು ನಡೆಸುವ ತಂತ್ರಾಂಶ) ಹೊರಗೆ ಸಿಗುವುದು ಕಷ್ಟ. ಧ್ವನಿಯನ್ನು ಅಂಕಿಗಳಾಗಿ ಬದಲಿಸುವ ಕನ್ವರ್ಟರ್ ಚಿಪ್ಪಿನದು ಬೇರೆಯೇ ಕಥೆ. 2020ರ ಅಕ್ಟೋಬರಿನಲ್ಲಿ ಜಪಾನಿನ ನೊಬೆಒಕಾದಲ್ಲಿದ್ದ ಎಕೆಎಂ ಎಂಬ ಚಿಪ್ ಕಂಪನಿಯ ಕಾರ್ಖಾನೆ ಬೆಂಕಿಗೆ ಆಹುತಿಯಾದಾಗ ಅವರ ಕನ್ವರ್ಟರ್‌ಗಳು ಮಾರುಕಟ್ಟೆಯಿಂದ ಮಾಯವಾದವು. ಎಷ್ಟೋ ತಯಾರಕರು ತಮ್ಮ ಪೆಟ್ಟಿಗೆಗಳ ವಿನ್ಯಾಸವನ್ನೇ ಬೇರೆ ಚಿಪ್ಪಿಗೆ ಬದಲಿಸಿಕೊಂಡರು. ಆ ಕಾಲದ ಮೊದಲಿನ ಪೆಟ್ಟಿಗೆಗೆ ಚಿಪ್ ಕೇಳಿದರೆ ಹಳೆಯ ಬೋರ್ಡಿನಿಂದ ಕಿತ್ತದ್ದನ್ನು ಕೊಡುವವರು ಸಿಗಬಹುದು. ಅದರ ಹಿಂದಿನ ಜನ್ಮ ಎಂಥದ್ದೆಂದು ಕೇಳಿಕೊಳ್ಳಿ.

ಪೆಟ್ಟಿಗೆ ಕೈಗಿಡುವ ಮೊದಲು ನಾಲ್ಕು ಮಾತು ಇತ್ಯರ್ಥ ಮಾಡಿಕೊಳ್ಳಿ. ಬರೀ ನೋಡಿ ಹೇಳುವುದಕ್ಕೆ ಎಷ್ಟು? ಇಂತಿಷ್ಟು ದಾಟಿದರೆ ನನ್ನನ್ನು ಕೇಳದೆ ಮುಂದುವರಿಯಬೇಡಿ ಎಂಬ ಮಿತಿ ಎಷ್ಟು? ತೆಗೆದ ಹಳೆಯ ಭಾಗ ವಾಪಸು ಕೊಡುತ್ತೀರಾ? ಅದೇ ದೋಷ ಮತ್ತೆ ಬಂದರೆ ಎಷ್ಟು ದಿನದವರೆಗೆ ನೋಡಿಕೊಡುತ್ತೀರಿ? ನಾಲ್ಕಕ್ಕೂ ಮುಖ ನೋಡಿ ಉತ್ತರ ಹೇಳುವವರ ಹತ್ತಿರ ಪೆಟ್ಟಿಗೆ ಬಿಡಬಹುದು. "ಬಿಟ್ಟು ಹೋಗಿ, ನೋಡೋಣ" ಎಂದಷ್ಟೇ ಹೇಳುವವರ ಹತ್ತಿರ ನಾನು ಬಿಡುವುದಿಲ್ಲ.

ಈಗ ದುಡ್ಡಿನ ಲೆಕ್ಕ

ಹೊಸದರ ಅರ್ಧ ಬೆಲೆ ದಾಟಿದರೆ ರಿಪೇರಿ ಬೇಡ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ನನಗೆ ಅದು ಒರಟು ಲೆಕ್ಕ ಎನಿಸುತ್ತದೆ. ಹನ್ನೆರಡು ಸಾವಿರದ ಎರಡು ಚಾನೆಲ್ಲಿನ ಪೆಟ್ಟಿಗೆಗೆ ಐದು ಸಾವಿರದ ರಿಪೇರಿ ಎಂದರೆ ಅರ್ಧಕ್ಕಿಂತ ಕಡಿಮೆಯೇ. ಆದರೆ ಉಳಿಯುವ ಏಳು ಸಾವಿರಕ್ಕೆ ಪ್ರತಿಯಾಗಿ ನೀವು ವಾರಂಟಿಯನ್ನೂ ಹೊಸ ಡ್ರೈವರನ್ನೂ ಬಿಟ್ಟುಕೊಡುತ್ತಿದ್ದೀರಿ. ಇಂಥ ಸಣ್ಣ ಪೆಟ್ಟಿಗೆಗೆ ನನ್ನ ಮಿತಿ ಮೂರನೇ ಒಂದು ಭಾಗ. ಅದರ ಮೇಲೆ ಹೋದರೆ ಮೂಗಿಗಿಂತ ಮೂಗುತಿ ಭಾರ.

ಎಂಟು ಪ್ರೀಆಂಪಿನ, ಎಪ್ಪತ್ತು ಸಾವಿರದ ರ‍್ಯಾಕ್ ಪೆಟ್ಟಿಗೆಯಲ್ಲಿ ಒಂದು ಚಾನೆಲ್ ಸತ್ತಿದೆ ಎಂದುಕೊಳ್ಳಿ. ಏಳು ಸಾವಿರದ ರಿಪೇರಿಗೆ ಯೋಚಿಸಲೇಬೇಡಿ, ಮಾಡಿಸಿ. ಅಥವಾ ಏನನ್ನೂ ಮಾಡಬೇಡಿ. ಉಳಿದ ಏಳು ಚಾನೆಲ್ ನಿಮ್ಮ ಕೆಲಸಕ್ಕೆ ಸಾಕಾದರೆ ಸತ್ತ ಜ್ಯಾಕಿನ ಮೇಲೆ ಒಂದು ಟೇಪ್ ಅಂಟಿಸಿ ಮುಂದುವರಿಯುವುದೂ ಒಂದು ತೀರ್ಮಾನವೇ. ಇದನ್ನು ಯಾವ ಅಂಗಡಿಯವರೂ ನಿಮಗೆ ಹೇಳುವುದಿಲ್ಲ.

ಲೆಕ್ಕಕ್ಕೆ ಸೇರಿಸಬೇಕಾದ ಇನ್ನೊಂದು ಸಂಗತಿ ದಿನಗಳು. ಧ್ವನಿಪುಸ್ತಕ ಓದಿ ಬದುಕುವವರಿಗೆ ಹತ್ತು ದಿನದ ರಿಪೇರಿ ಎಂದರೆ ಹತ್ತು ದಿನದ ಸಂಪಾದನೆ. ವಾರಕ್ಕೊಮ್ಮೆ ಭಾವಗೀತೆ ಹಾಡಿ ಮುದ್ರಿಸುವವರಿಗೆ ಅದು ಎರಡು ಭಾನುವಾರ ಅಷ್ಟೇ. ಗೆಳೆಯರ ಪೆಟ್ಟಿಗೆ ಎರವಲು ಸಿಗುವಂತಿದ್ದರೆ ಈ ಅಂಕಿ ಸೊನ್ನೆಯಾಗುತ್ತದೆ. ನನ್ನ ಹಳೆಯ ಎರಡು ಚಾನೆಲ್ಲಿನ ಪೆಟ್ಟಿಗೆಯೊಂದು ಹೀಗೆ ಎರವಲಾಗಿಯೇ ನಾಲ್ಕು ಮನೆ ತಿರುಗಿದೆ.

ಸಿಡಿಲಿನ ಏಟು ಬಿದ್ದ ಅಥವಾ ಕಾಫಿ ಚೆಲ್ಲಿದ ಪೆಟ್ಟಿಗೆಯ ವಿಷಯದಲ್ಲಿ ಮಾತ್ರ ನಾನು ಜಿಪುಣ. ಒಂದು ಭಾಗ ಬದಲಿಸಿದ ತಿಂಗಳಿಗೆ ಪಕ್ಕದ ಭಾಗ ಹೋಗುತ್ತದೆ, ಸಕ್ಕರೆ ಹಾಕಿದ ಕಾಫಿಯಂತೂ ಬೋರ್ಡನ್ನು ನಿಧಾನವಾಗಿ ತಿನ್ನುತ್ತದೆ. ಚೆಲ್ಲಿದ ಕೂಡಲೇ ವೈರ್ ಕಿತ್ತು ಅದೇ ದಿನ ಸ್ವಚ್ಛ ಮಾಡಿಸಿದ್ದರೆ ಮಾತು ಬೇರೆ.

ಹೊಸದೇ ಎಂದು ತೀರ್ಮಾನವಾದರೆ

ಹಳೆಯದು ಏಕೆ ಹೋಯಿತು ಎಂಬುದನ್ನು ಮೊದಲು ಸರಿಪಡಿಸಿ. ಅರ್ಥಿಂಗ್ ಇಲ್ಲದ ಅದೇ ಸಾಕೆಟ್ಟಿಗೆ ಹೊಸ ಪೆಟ್ಟಿಗೆಯನ್ನು ಸಿಕ್ಕಿಸಿದರೆ ಮುಂದಿನ ಭರಣಿಗೆ ಮತ್ತೆ ಇದೇ ಕಥೆ. ಎಲೆಕ್ಟ್ರೀಷಿಯನ್ ಕರೆಸಿ ಅರ್ಥ್ ನೋಡಿಸಿ, ಸರ್ಜ್ (ವೋಲ್ಟೇಜಿನ ದಿಢೀರ್ ಏರಿಕೆ) ರಕ್ಷಣೆಯ ಬೋರ್ಡ್ ಹಾಕಿಸಿ. ಗುಡುಗು ಕೇಳಿಸಿದೊಡನೆ ಅಡಾಪ್ಟರ್, ಯುಎಸ್‌ಬಿ, ಸ್ಪೀಕರ್ ಕೇಬಲ್ ಮೂರನ್ನೂ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಯುಎಸ್‌ಬಿ ಕೇಬಲ್ ನೇತಾಡಿ ಪೋರ್ಟಿನ ಮೇಲೆ ಭಾರ ಹಾಕದಂತೆ ಮೇಜಿನ ಅಂಚಿಗೆ ಒಂದು ಕ್ಲಿಪ್ ಹಾಕಿ. ಯಜಮಾನರು ತೋರಿಸಿದ ಆ ಕಪ್ಪು ಉಂಗುರ ಹುಟ್ಟುವುದೇ ಆ ಭಾರದಿಂದ.

ಹಳೆಯ ಪೆಟ್ಟಿಗೆಯನ್ನು ಗುಜರಿಯವರ ತಕ್ಕಡಿಗೆ ಹಾಕುವ ಮೊದಲು ಎರಡು ದಾರಿ ನೋಡಿ. ದೋಷವನ್ನು ಮುಚ್ಚಿಡದೆ ಬರೆದು ಮಾರಿದರೆ ಬಿಡಿಭಾಗಕ್ಕಾಗಿ ಕೊಳ್ಳುವವರಿದ್ದಾರೆ. ನಾಬ್, ಜ್ಯಾಕ್, ಅಡಾಪ್ಟರ್, ಕವಚ ಎಲ್ಲಕ್ಕೂ ಗಿರಾಕಿ ಉಂಟು. ಏನೂ ಗತಿಯಿಲ್ಲವೆಂದರೆ ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರರಿಗೆ ಕೊಡಿ. ನಮ್ಮ ಊರಿಗೆ ಹತ್ತಿರದ ದಾಬಸ್‌ಪೇಟೆಯಲ್ಲೇ ಅಂಥ ಘಟಕವಿದೆ. ಅಡಾಪ್ಟರ್ ಚೆನ್ನಾಗಿದ್ದರೆ ಮಾತ್ರ ಅದನ್ನು ಉಳಿಸಿಕೊಳ್ಳಿ. ಅದರ ಮೇಲೆ ಒಂದು ಕಾಗದ ಅಂಟಿಸಿ ವೋಲ್ಟೇಜ್ ಎಷ್ಟು, ನಡುಭಾಗ ಧನವೋ ಋಣವೋ ಎಂದು ದಪ್ಪ ಅಕ್ಷರದಲ್ಲಿ ಬರೆದಿಡಿ. ನಮ್ಮ ಗಲ್ಲಿಯ ಗಿಟಾರ್ ಹುಡುಗ ಈಗ ತನ್ನ ಅಡಾಪ್ಟರ್‌ಗಳ ಮೇಲೆಲ್ಲ ಹಾಗೆಯೇ ಬರೆದಿದ್ದಾನೆ.